ಎತ್ತರದ ಸೀಟು, ವಾಕರ್, ಎತ್ತುವ ಕೋಲು: ಸೊಂಟದ ಕೀಲು ಬದಲಿಸಿಕೊಂಡ ಮೇಲಿನ 12 ವಾರ ಬಳಸಿ ಕಂಡದ್ದು

ಆಸ್ಪತ್ರೆಯಿಂದ ಮನೆಗೆ ಬಂದ ಮೊದಲ ಸಂಜೆ ನನ್ನ ಪಾದ ನೆಲಕ್ಕೆ ತಾಗಲಿಲ್ಲ. ಕಮೋಡಿನ ಮೇಲೆ ಹೊಸದಾಗಿ ಕೂರಿಸಿದ್ದ ಎತ್ತರದ ಸೀಟಿನಲ್ಲಿ ಕುಳಿತಿದ್ದೆ. ಹಿಮ್ಮಡಿ ಎರಡೂ ಗಾಳಿಯಲ್ಲಿ, ಬೆರಳ ತುದಿ ಮಾತ್ರ ನೆಲಕ್ಕೆ ಸೋಕುತ್ತಿತ್ತು. ಸೀಟಿನ ಅಂಚು ತೊಡೆಯ ಅಡಿಗೆ ಒತ್ತಿ ಐದೇ ನಿಮಿಷದಲ್ಲಿ ಕಾಲು ಜೋಮು ಹಿಡಿಯಿತು. ಏಳೋಣವೆಂದರೆ ಊರಲು ನೆಲ ಸಿಗುತ್ತಿಲ್ಲ. ಬಾಗಿಲಿನ ಆಚೆಯಿಂದ ಮಗಳು, "ಅಮ್ಮಾ, ಆಯಿತಾ? ಒಳಗೆ ಬರಲಾ?" ಎಂದು ಕೇಳುತ್ತಿದ್ದಳು. "ಬಾ" ಎನ್ನಬೇಕಾಯಿತು. 61 ವರ್ಷದ ನನಗೆ ಆ ಒಂದು ಮಾತು ಗಾಯದ ನೋವಿಗಿಂತ ಕಷ್ಟದ್ದಾಗಿತ್ತು.

ನಾನು ದರ್ಜಿ. 35 ವರ್ಷಗಳಿಂದ ಹೊಲಿಗೆಯೇ ನನ್ನ ಕೆಲಸ. ಅಳತೆ ತೆಗೆಯದೆ ಯಾರ ಬಟ್ಟೆಗೂ ಕತ್ತರಿ ಇಟ್ಟವಳಲ್ಲ. ಎಡಗಡೆಯ ಸೊಂಟದ ಕೀಲು ಸವೆದು, ಯಂತ್ರದ ಮುಂದೆ ಅರ್ಧ ಗಂಟೆ ಕೂರಲಾಗದ ಸ್ಥಿತಿ ಬಂದಾಗ ಕೀಲು ಬದಲಿಸಿಕೊಂಡೆ. ಈಗ ನಾಲ್ಕು ತಿಂಗಳು ಕಳೆದಿವೆ. ಮನೆಯಲ್ಲಿ ಚೇತರಿಸಿಕೊಳ್ಳುವಾಗ ಏನೇನು ಬಳಸಿದೆ, ಯಾವುದು ಕೈಹಿಡಿಯಿತು, ಯಾವುದು ಮೂಲೆ ಸೇರಿತು ಎಂಬುದಷ್ಟನ್ನೇ ಇಲ್ಲಿ ಬರೆಯುತ್ತಿದ್ದೇನೆ. ಕಂಪನಿಗಳ ಹೆಸರು ಹೇಳುವುದಿಲ್ಲ. ಹೆಸರು ಯಾವುದೇ ಇರಲಿ, ಈ ವಸ್ತುಗಳು ಹೆಚ್ಚುಕಡಿಮೆ ಒಂದೇ ಬಗೆಯಲ್ಲಿರುತ್ತವೆ. ನಮಗೆ ಹೊಂದುತ್ತವೆಯೇ ಎಂಬುದು ಅಳತೆಯ ಪ್ರಶ್ನೆ.

ನನ್ನ ಆಪರೇಷನ್ ಹಿಂಬದಿಯಿಂದ ಕೊಯ್ದು ಮಾಡಿದ್ದು. ಹಾಗೆ ಮಾಡಿಸಿಕೊಂಡವರಿಗೆ ಸಾಮಾನ್ಯವಾಗಿ ಮೂರು ಮಾತು ಹೇಳಿ ಕಳುಹಿಸುತ್ತಾರೆ: ಸೊಂಟವನ್ನು 90 ಡಿಗ್ರಿಗಿಂತ ಹೆಚ್ಚು ಮಡಿಸಬೇಡಿ, ಕಾಲ ಮೇಲೆ ಕಾಲು ಹಾಕಬೇಡಿ, ಆ ಕಾಲಿನ ಪಾದವನ್ನು ಒಳಮುಖವಾಗಿ ತಿರುಗಿಸಬೇಡಿ. ಹೊಸ ಕೀಲಿನ ಗುಂಡು ಒಂದು ಬಟ್ಟಲಿನೊಳಗೆ ಕುಳಿತಿರುತ್ತದೆ. ಅದನ್ನು ಹಿಂದಿನಿಂದ ಸುತ್ತಿ ಹಿಡಿಯುವ ಸ್ನಾಯು, ಪೊರೆಗಳನ್ನು ಕತ್ತರಿಸಿ ಮತ್ತೆ ಹೊಲಿದಿರುತ್ತಾರೆ. ಅದು ಕೂಡಿಕೊಳ್ಳುವ ಮೊದಲೇ ಅತಿಯಾಗಿ ಬಗ್ಗಿದರೆ ಗುಂಡು ಬಟ್ಟಲಿನಿಂದ ಜಾರಿ ಹೊರಬರಬಹುದು. ಹೊಸ ಹೊಲಿಗೆಯ ಮೇಲೆ ಎಳೆತ ಬೀಳಬಾರದು ಎಂಬುದನ್ನು ನನಗೆ ಯಾರೂ ಎರಡು ಸಲ ಹೇಳಬೇಕಾಗಲಿಲ್ಲ. ಮುಂಬದಿಯಿಂದ ಮಾಡಿಸಿಕೊಂಡವರಿಗೆ ಎಚ್ಚರಿಕೆಗಳು ಬೇರೆ. ಕೆಲವು ವೈದ್ಯರು ಈಗ ಈ ಕಟ್ಟುಪಾಡುಗಳನ್ನು ಸಾಕಷ್ಟು ಸಡಿಲಿಸಿದ್ದಾರೆ. ಆದ್ದರಿಂದ ನಾನು ಬರೆಯುವುದನ್ನು ನಿಮ್ಮ ವೈದ್ಯರ ಮಾತಿನ ಪಕ್ಕದಲ್ಲಿಟ್ಟು ಓದಿ, ಅದರ ಮೇಲೆ ಇಟ್ಟಲ್ಲ.

ಮೊದಲು ಸೀಟಿನ ವಿಷಯ, ಏಕೆಂದರೆ ಇದರಷ್ಟು ಮುಖ್ಯವಾದದ್ದು ಬೇರೊಂದಿಲ್ಲ. ಕುಳಿತಾಗ ಮಂಡಿ ಸೊಂಟಕ್ಕಿಂತ ಮೇಲೆ ಬರಬಾರದು. ಸಾಮಾನ್ಯ ಕಮೋಡಿನಲ್ಲಿ ಕುಳಿತರೆ ಬಹಳ ಮಂದಿಗೆ ಮಂಡಿ ಮೇಲೇ ಬರುತ್ತದೆ. ಅದಕ್ಕಾಗಿ ಕಮೋಡಿನ ಮೇಲೆ ಕೂರಿಸುವ ಪ್ಲಾಸ್ಟಿಕ್ ಸೀಟುಗಳು 2, 4 ಮತ್ತು 6 ಇಂಚಿನ ಎತ್ತರದಲ್ಲಿ ಸಿಗುತ್ತವೆ. ಎತ್ತರ ಹೆಚ್ಚಿದಷ್ಟೂ ಕ್ಷೇಮ ಎಂದುಕೊಂಡು ಮಗ 6 ಇಂಚಿನದನ್ನು ತಂದಿದ್ದ. ಅವನನ್ನು ದೂರಲಾರೆ. ಎಲ್ಲರಿಗೂ ಹೊಂದುತ್ತದೆ ಎಂದೇ ಪೆಟ್ಟಿಗೆಯ ಮೇಲೆ ಬರೆದಿತ್ತು.

ಮರುದಿನ ಬೆಳಿಗ್ಗೆ ಟೇಪು ತರಿಸಿಕೊಂಡೆ. ಮಂಚದ ಅಂಚಿನಲ್ಲಿ ಕುಳಿತು, ಪಾದ ಪೂರ್ತಿ ನೆಲಕ್ಕಿಟ್ಟು, ನೆಲದಿಂದ ಮಂಡಿಯ ಹಿಂದಿನ ಮಡಿಕೆಯವರೆಗೆ ಮಗಳಿಂದ ಅಳೆಸಿದೆ: ಹದಿನಾರೂವರೆ ಇಂಚು. ನಮ್ಮ ಕಮೋಡಿನ ಎತ್ತರ 15 ಇಂಚು. 6 ಸೇರಿಸಿದರೆ 21. ನನ್ನ ಕಾಲಿಗಿಂತ ನಾಲ್ಕೂವರೆ ಇಂಚು ಮೇಲೆ! ಪಾದ ನೇತಾಡದೆ ಇನ್ನೇನಾಗುತ್ತದೆ? 2 ಇಂಚಿನದಾದರೆ 17 ಆಗುತ್ತಿತ್ತು. ಲೆಕ್ಕಕ್ಕೆ ಅದು ಸರಿ, ಆದರೆ ಏಳುವಾಗ ಮೈ ಸ್ವಲ್ಪ ಮುಂದೆ ವಾಲಿದರೂ ಸೊಂಟ 90 ಡಿಗ್ರಿ ದಾಟುತ್ತದೆ. 4 ಇಂಚಿನದಕ್ಕೆ 19. ತೊಡೆ ಮಂಡಿಯ ಕಡೆಗೆ ತುಸು ಇಳಿಜಾರಾಗಿರುತ್ತದೆ, ಪಾದವೂ ನೆಲದ ಮೇಲೆ ಗಟ್ಟಿಯಾಗಿ ಕೂರುತ್ತದೆ. ಅಂದೇ ಮಗ ಬದಲಿಸಿಕೊಂಡು ಬಂದ. ಅಂಗಡಿಯವರು ಮೊದಲು ಒಪ್ಪಲಿಲ್ಲವಂತೆ, ಬಳಸಿದ್ದನ್ನು ಹಿಂದಕ್ಕೆ ಪಡೆಯುವುದಿಲ್ಲ ಎಂದರಂತೆ. ಅವರ ಮಾತಿನಲ್ಲಿ ನ್ಯಾಯವಿದೆ. ಆದರೆ ಕೊಡುವ ಮುಂಚೆ "ಕಾಲಿನ ಅಳತೆ ಎಷ್ಟು?" ಎಂದು ಒಂದು ಮಾತು ಕೇಳಿದ್ದರೆ ಈ ತಾಪತ್ರಯವೇ ಇರುತ್ತಿರಲಿಲ್ಲ. ಅಂಗಿ ಮಾರುವವರು ಕೇಳುತ್ತಾರೆ, ಚಪ್ಪಲಿ ಮಾರುವವರು ಕೇಳುತ್ತಾರೆ.

ಎರಡನೆಯ ಸೀಟಿಗೆ ಎರಡೂ ಬದಿ ಕೈಯಾಸರೆ ಇತ್ತು. ಮುಂದಿನ ತಿರುಪು ಬಿಗಿ ಮಾಡಿದರೆ ಕಮೋಡಿನ ಅಂಚನ್ನು ಕಚ್ಚಿ ಹಿಡಿಯುತ್ತದೆ. ಮೊದಲ ವಾರ ಅಲುಗಲಿಲ್ಲ. ಎರಡನೆಯ ವಾರದ ಕೊನೆಗೆ ಬಲಕ್ಕೆ ತುಸು ಜಾರಿದಂತೆ ಅನಿಸಿ ಎದೆ ಧಸಕ್ಕೆಂದಿತು. ಏಳುವಾಗ ನಾನು ಬಲಗೈಗೇ ಭಾರ ಬಿಡುತ್ತಿದ್ದೆ, ಅದು ದಿನವೂ ಸ್ವಲ್ಪ ಸ್ವಲ್ಪ ಸಡಿಲವಾಗಿತ್ತು. ಅಂದಿನಿಂದ ಪ್ರತಿ ಭಾನುವಾರ ಯಜಮಾನರು ತಿರುಪು ಬಿಗಿ ಮಾಡುವುದು ಮನೆಯ ನಿಯಮವಾಯಿತು, ನಾನು ಎರಡೂ ಕೈಗೆ ಸಮನಾಗಿ ಭಾರ ಬಿಡುವುದನ್ನು ಕಲಿತೆ. ಈಗ ಕೊಳ್ಳುವುದಾದರೆ ಕೈಯಾಸರೆ ಸೀಟಿಗೇ ಸೇರಿದ್ದನ್ನು ಕೊಳ್ಳುವುದಿಲ್ಲ. ನಾಲ್ಕು ಕಾಲು ನೆಲಕ್ಕೆ ಊರಿ ನಿಲ್ಲುವ ಚೌಕಟ್ಟು ಬೇರೆಯಾಗಿ ಸಿಗುತ್ತದೆ, ಅದೇ ಮೇಲು.

ಕೂರುವುದಕ್ಕೂ ಒಂದು ಕ್ರಮವಿದೆ. ಕಾಲಿನ ಹಿಂಬದಿಗೆ ಸೀಟು ತಾಗುವವರೆಗೆ ವಾಕರ್ ಹಿಡಿದು ಹಿಂದೆ ಸರಿಯಬೇಕು. ಆಪರೇಷನ್ ಆದ ಕಾಲನ್ನು ಮುಂದಕ್ಕೆ ಜಾರಿಸಬೇಕು. ಒಂದೊಂದೇ ಕೈಯನ್ನು ವಾಕರಿನಿಂದ ಬಿಡಿಸಿ ಕೈಯಾಸರೆಗೆ ತರಬೇಕು. ಆಮೇಲೆ ಬೆನ್ನು ನೇರವಾಗಿಟ್ಟು ನಿಧಾನವಾಗಿ ಇಳಿಯಬೇಕು. ಏಳುವಾಗ ಇದರ ತಿರುವುಮುರುವು. ಒಂಬತ್ತನೆಯ ದಿನ ನಾನೊಬ್ಬಳೇ ಹೋದೆ, ಬಾಗಿಲು ಮುಂದೆ ಮಾಡಿಕೊಂಡೆ, ಚಿಲಕ ಹಾಕಲಿಲ್ಲ. ಹೊರಗೆ ಬಂದಾಗ ಮಗಳು ನಡುಮನೆಯಲ್ಲಿ ಕುಳಿತು ಕೇಳಿಸಿಕೊಳ್ಳುತ್ತಿಲ್ಲವೆಂಬಂತೆ ಪತ್ರಿಕೆ ಓದುತ್ತಿದ್ದಳು. ಅವಳ ಕಣ್ಣಲ್ಲಿ ನೀರಿತ್ತು, ನನ್ನ ಕಣ್ಣಲ್ಲೂ ಇತ್ತು.

ಸೀಟಿನ ಲೆಕ್ಕವೇ ಕುರ್ಚಿಗೂ ಸಲ್ಲುತ್ತದೆ. ನಮ್ಮ ಮೆತ್ತನೆಯ ಸೋಫಾದಲ್ಲಿ ಕುಳಿತರೆ ಸೊಂಟ ಹೂತುಹೋಗುತ್ತದೆ, ಅದನ್ನು 12 ವಾರ ಮುಟ್ಟಲಿಲ್ಲ. ಕೈಗಳಿರುವ ಗಟ್ಟಿ ಮರದ ಕುರ್ಚಿಗೆ 3 ಇಂಚಿನ ಬಿರುಸು ಸ್ಪಂಜು ಕತ್ತರಿಸಿ, ಒರಟು ಬಟ್ಟೆಯ ಕವಚ ಹೊಲಿದು, ಜಾರದಂತೆ ಹಿಂದಿನ ಕಾಲುಗಳಿಗೆ ಲಾಡಿ ಕಟ್ಟಿದೆವು. ಅಂಗಡಿಯ ಮೆತ್ತೆಗಳನ್ನೂ ನೋಡಿದೆ. ಕೈಯಿಂದ ಒತ್ತಿದರೆ ಅರ್ಧಕ್ಕೆ ಕುಸಿಯುವಂಥವು ಈ ಕೆಲಸಕ್ಕೆ ಆಗುವುದಿಲ್ಲ. ಮೆತ್ತೆಯ ದಪ್ಪವನ್ನು ನಾವು ಕುಳಿತ ಮೇಲೆ ಅಳೆಯಬೇಕು, ಅಂಗಡಿಯ ಮೇಜಿನ ಮೇಲೆ ಅಲ್ಲ.

ಇನ್ನು ವಾಕರ್. ನಾನು ತೆಗೆದುಕೊಂಡದ್ದು ಮುಂದಿನ ಎರಡು ಕಾಲಿಗೆ ಚಕ್ರ, ಹಿಂದಿನ ಎರಡಕ್ಕೆ ರಬ್ಬರ್ ಬುರುಡೆ ಇರುವಂಥದ್ದು. ನಾಲ್ಕೂ ಕಾಲಿಗೆ ರಬ್ಬರ್ ಇರುವುದನ್ನು ಹೆಜ್ಜೆ ಹೆಜ್ಜೆಗೂ ಎತ್ತಿಡಬೇಕು, ನಿಶ್ಶಕ್ತಿಯ ಮೊದಲ ವಾರಗಳಲ್ಲಿ ಅದು ದೊಡ್ಡ ಕೆಲಸ. ಆಸ್ಪತ್ರೆಯಲ್ಲಿ ಎರಡನ್ನೂ ಹಿಡಿದು ನೋಡಿದ್ದರಿಂದ ಈ ಆಯ್ಕೆಯಲ್ಲಿ ತಪ್ಪಲಿಲ್ಲ. ತಪ್ಪಿದ್ದು ಎತ್ತರದಲ್ಲಿ. ವಾಕರಿನ ಕಾಲುಗಳಲ್ಲಿ ಇಂಚಿಗೊಂದು ತೂತು, ಗುಂಡಿ ಒತ್ತಿ ಏರಿಳಿಸುವ ಏರ್ಪಾಡು. ನಾನು ಬಗ್ಗಿ ನಡೆಯಬಾರದೆಂದು ಯಜಮಾನರು ಅದನ್ನು ಮೇಲಕ್ಕೇರಿಸಿಟ್ಟಿದ್ದರು. ಮೂರು ದಿನ ಭುಜ ಕಿವಿಯ ಹತ್ತಿರಕ್ಕೆ ಬಂದಂತೆ ಹಿಡಿದು ನಡೆದೆ, ಕುತ್ತಿಗೆ ಸೆಟೆದುಕೊಂಡಿತು. ಮನೆಗೆ ಬಂದ ಫಿಸಿಯೋಥೆರಪಿಸ್ಟ್ ನೋಡಿದ ಕೂಡಲೇ, "ಕೈ ಇಳಿಬಿಟ್ಟು ನೇರವಾಗಿ ನಿಲ್ಲಿ ಅಮ್ಮಾ" ಎಂದರು. ಮಣಿಕಟ್ಟಿನ ಗೆರೆ ಎಲ್ಲಿಗೆ ಬರುತ್ತದೋ ಅಲ್ಲಿಗೆ ಹಿಡಿಕೆ ಬರಬೇಕು, ಹಿಡಿದಾಗ ಮೊಣಕೈ ತುಸು ಬಾಗಿರಬೇಕು. ಎರಡು ತೂತು ಇಳಿಸಿದರು. ಮನೆಯೊಳಗೆ ಹಾಕಿಕೊಳ್ಳುವ ಪಾದರಕ್ಷೆಯನ್ನು ಹಾಕಿಕೊಂಡೇ ಈ ಅಳತೆ ತೆಗೆಯಬೇಕು ಎಂದೂ ಹೇಳಿದರು. ಲಂಗದ ಉದ್ದ ನೋಡುವಾಗ ನಾನು ಗಿರಾಕಿಗಳಿಗೆ ಹೇಳುವ ಮಾತೇ ಅದು.

ಇನ್ನೊಂದು ಅಳತೆ ನಾನೇ ಬಿಟ್ಟಿದ್ದೆ. ಬಚ್ಚಲಿನ ಬಾಗಿಲು 22 ಇಂಚು, ವಾಕರಿನ ಕಾಲುಗಳ ನಡುವಿನ ಅಗಲ 24. ಹಿಡಿಕೆಯ ಹತ್ತಿರ ಅಳೆದರೆ ಕಡಿಮೆ ಬರುತ್ತದೆ, ಕಾಲುಗಳು ಕೆಳಗೆ ಹರಡಿಕೊಂಡಿರುತ್ತವೆ. ಹಾಗಾಗಿ ಅಳೆಯಬೇಕಾದದ್ದು ನೆಲದ ಹತ್ತಿರ. ಮೊದಲ ಎರಡು ವಾರ ಬಾಗಿಲಿನಲ್ಲಿ ವಾಕರನ್ನು ಅಡ್ಡ ತಿರುಗಿಸಿ, ಪಕ್ಕಕ್ಕೆ ಪಕ್ಕಕ್ಕೆ ಹೆಜ್ಜೆ ಹಾಕಿ ಒಳಗೆ ಹೋಗಬೇಕಾಯಿತು. ಫಿಸಿಯೋಥೆರಪಿಸ್ಟ್ ಅದನ್ನು ಸರಿಯಾಗಿ ಹೇಳಿಕೊಟ್ಟರು, ಮೊದಮೊದಲು ಒಬ್ಬರು ಹಿಂದೆ ನಿಂತರು. ಇದು ವಾಕರಿನ ದೋಷವಲ್ಲ. ಆಪರೇಷನ್ನಿಗೆ ಮುಂಚೆಯೇ ತಂದು ಮನೆಯೊಳಗೆ ಒಂದು ಸುತ್ತು ಓಡಾಡಿಸಿದ್ದರೆ ಗೊತ್ತಾಗುತ್ತಿತ್ತು. ನೆಲಹಾಸುಗಳು, ಗೋಡೆಯುದ್ದಕ್ಕೂ ಹರಿದ ವಯರುಗಳು ಎಲ್ಲವೂ ಆಗಲೇ ಕಣ್ಣಿಗೆ ಬೀಳುತ್ತಿದ್ದವು.

ನಡೆಯುವ ಕ್ರಮ ನಾಲ್ಕೇ ದಿನದಲ್ಲಿ ರೂಢಿಯಾಯಿತು: ಮೊದಲು ವಾಕರ್, ಆಮೇಲೆ ಆಪರೇಷನ್ ಆದ ಕಾಲು, ಕೊನೆಗೆ ಒಳ್ಳೆಯ ಕಾಲು. ಮೆಟ್ಟಿಲಿಗೆ ಬೇರೆ ಲೆಕ್ಕ. ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಆಪರೇಷನ್ ಆದದ್ದು ಮೊದಲು. ತಿರುಗುವಾಗ ಕಾಲನ್ನು ಊರಿಟ್ಟು ಮೈ ತಿರುಗಿಸಬಾರದು, ಸಣ್ಣ ಸಣ್ಣ ಹೆಜ್ಜೆ ಹಾಕಿಯೇ ತಿರುಗಬೇಕು.

ವಾಕರ್ ಹಿಡಿದರೆ ಎರಡು ಕೈಯೂ ಅದಕ್ಕೇ. ಕನ್ನಡಕ, ಮೊಬೈಲ್, ನೀರಿನ ಬಾಟಲಿ ಯಾವುದನ್ನೂ ಒಯ್ಯಲಾಗುವುದಿಲ್ಲ. ತೂಗುಹಾಕುವ ಚೀಲಗಳನ್ನು ಮಾರುತ್ತಾರೆ, ನಾನು ನೋಡಿದವೆಲ್ಲ ಆಳವಾಗಿದ್ದವು. ಒಳಗಿನದನ್ನು ತೆಗೆಯಲು ಬಗ್ಗಿ ಕೈ ಹಾಕಬೇಕು, ನಮಗೆ ಬೇಡವಾದದ್ದೇ ಅದು. ಉಳಿದ ಜೀನ್ಸ್ ಬಟ್ಟೆಯಲ್ಲಿ 7 ಇಂಚು ಆಳದ ಮೂರು ಜೇಬಿನ ಚೀಲವನ್ನು ಕತ್ತರಿಸುವುದು ಹೇಗೆಂದು ಮಗಳಿಗೆ ಹೇಳಿಕೊಟ್ಟೆ, ಅವಳು ಹೊಲಿದಳು. ಅವಳು ಯಂತ್ರದ ಮುಂದೆ ಕುಳಿತದ್ದು ಅದೇ ಮೊದಲು. ಹೊಲಿಗೆ ಸೊಟ್ಟಗಿದೆ, ಜೇಬು ಗಟ್ಟಿಯಾಗಿದೆ.

ಸೊಂಟದ ಆಪರೇಷನ್ ಆದವರಿಗೆಂದು ಒಂದೇ ಪೆಟ್ಟಿಗೆಯಲ್ಲಿ ನಾಲ್ಕೈದು ವಸ್ತು ಸೇರಿಸಿ ಮಾರುತ್ತಾರೆ. ಅದರಲ್ಲಿ ನಿಜವಾಗಿ ಬೆಲೆ ಬಾಳುವುದು ಎತ್ತುವ ಕೋಲು. 32 ಇಂಚಿನ ಕೋಲು, ಒಂದು ತುದಿಗೆ ಹಿಡಿಕೆ, ಇನ್ನೊಂದು ತುದಿಗೆ ಇಕ್ಕುಳದಂಥ ಬಾಯಿ. ಹಿಡಿಕೆ ಅದುಮಿದರೆ ಬಾಯಿ ಮುಚ್ಚುತ್ತದೆ. ಬಿದ್ದ ಟವೆಲ್ ಎತ್ತಬಹುದು, ಕಾಲಿಗೆ ಒಳಉಡುಪು ಏರಿಸಿಕೊಳ್ಳಬಹುದು (ಆಪರೇಷನ್ ಆದ ಕಾಲಿಗೆ ಮೊದಲು, ಬಿಚ್ಚುವಾಗ ಅದಕ್ಕೆ ಕೊನೆಗೆ), ಕಿಟಕಿಯ ಪರದೆ ಸರಿಸಬಹುದು. ಕೊಳ್ಳುವಾಗ ಎರಡನ್ನು ನೋಡಿ. ಬಾಯಿಗೆ ರಬ್ಬರ್ ಇರಬೇಕು, ನುಣುಪು ಪ್ಲಾಸ್ಟಿಕ್ಕಿನ ಹಲ್ಲಿನಿಂದ ಮಾತ್ರೆಯ ಪಟ್ಟಿ ಜಾರುತ್ತದೆ. ಎರಡನೆಯದಾಗಿ, ತುದಿಯಲ್ಲಿ ಸಣ್ಣ ಅಯಸ್ಕಾಂತವಿರಬೇಕು.

ಅಯಸ್ಕಾಂತದ ಬೆಲೆ ಗೊತ್ತಾದದ್ದು ಆರನೆಯ ವಾರದಲ್ಲಿ. ಎತ್ತರಿಸಿದ ಕುರ್ಚಿಯಲ್ಲಿ ಕುಳಿತು ಕೈಹೊಲಿಗೆ ಶುರುಮಾಡಿದ್ದೆ. ಗುಂಡುಸೂಜಿಯ ಡಬ್ಬಿ ತೊಡೆಯಿಂದ ಜಾರಿ ಬಿತ್ತು, ಸೂಜಿಗಳು ನೆಲವೆಲ್ಲ ಚೆಲ್ಲಿದವು. ಬಗ್ಗುವಂತಿಲ್ಲ, ಬಿಟ್ಟೇಳುವಂತೆಯೂ ಇಲ್ಲ, ಮನೆಯವರು ಬರಿಗಾಲಿನಲ್ಲಿ ಓಡಾಡುವ ಜಾಗ. ಕೋಲಿನ ತುದಿಯನ್ನು ನೆಲಕ್ಕೆ ಸವರುತ್ತಾ ಹೋದೆ. ಟಿಕ್ ಟಿಕ್ ಎಂದು ಒಂದೊಂದೇ ಸೂಜಿ ಬಂದು ಅಂಟಿಕೊಂಡಿತು. ಎರಡೆರಡು, ಮೂರು ಮೂರರಂತೆ ಬಿಡಿಸಿ ಡಬ್ಬಿಗೆ ಹಾಕಿದೆ. ಕಡೆಯ ಸೂಜಿ ಕಪಾಟಿನ ಅಡಿಯಲ್ಲಿ ಮಿನುಗುತ್ತಿತ್ತು, ಅದಕ್ಕೆ ಹತ್ತು ನಿಮಿಷ ಹಿಡಿಯಿತು. ಯಾರನ್ನೂ ಕರೆಯಲಿಲ್ಲ.

ಪೆಟ್ಟಿಗೆಯ ಉಳಿದ ವಸ್ತುಗಳಲ್ಲಿ ಉದ್ದ ಹಿಡಿಯ ಶೂ ಏರಿಸುವ ಪಟ್ಟಿ ಚೆನ್ನಾಗಿದೆ. ಉದ್ದ ಹಿಡಿಯ ಸ್ಪಂಜು ಎರಡೇ ಸ್ನಾನಕ್ಕೆ ಹಿಡಿಯಿಂದ ಕಳಚಿಕೊಂಡಿತು. ಕಾಲುಚೀಲ ಏರಿಸುವ ದೋಣಿಯಂಥ ಸಾಧನ, ಅದಕ್ಕೆರಡು ಹಗ್ಗ: ಸಾಮಾನ್ಯ ಕಾಲುಚೀಲಕ್ಕೆ ಕೆಲಸ ಮಾಡುತ್ತದೆ. ರಕ್ತ ಹೆಪ್ಪುಗಟ್ಟದಂತೆ ಹಾಕುವ ಬಿಗಿ ಕಾಲುಚೀಲಕ್ಕೆ ನನ್ನ ಕೈಯಲ್ಲಿ ಅದು ಏನೂ ಪ್ರಯೋಜನಕ್ಕೆ ಬರಲಿಲ್ಲ.

ಆ ಬಿಗಿ ಕಾಲುಚೀಲದ ಬಗ್ಗೆ ಬರೆಯಲೇಬೇಕು. ಇದನ್ನು ಪಾದದ ಗಂಟಿನ ಸುತ್ತಳತೆ, ಮೀನಖಂಡದ ಸುತ್ತಳತೆ, ಉದ್ದ ನೋಡಿ ಕೊಡುತ್ತಾರೆ. ಅಳತೆ ಕೇಳಿ ಕೊಟ್ಟ ಒಂದೇ ವಸ್ತು ಇದು. ಆದರೆ ನನ್ನದನ್ನು ಆಪರೇಷನ್ನಿಗೆ ಮೊದಲು ಅಳೆದಿದ್ದರು. ಆಮೇಲೆ ಎಡಗಾಲು ಊದಿಕೊಂಡು, ನೀಲಿ ಹಳದಿ ಬಣ್ಣ ಮಂಡಿಯವರೆಗೂ ಇಳಿಯಿತು. ಐದನೆಯ ದಿನ ಕಾಲುಚೀಲ ಬಿಚ್ಚಿದಾಗ ಮಂಡಿಯ ಕೆಳಗೆ ಆಳವಾದ ಕೆಂಪು ಗೆರೆ. ಮೇಲಿನ ಅಂಚು ಸುರುಳಿಯಾಗಿ ದಾರದಂತೆ ಬಿಗಿದಿತ್ತು. ಮಡಿಕೆ ಬಿದ್ದ ಎಲಾಸ್ಟಿಕ್ ಏನು ಮಾಡುತ್ತದೆಂದು ನನಗೆ ಗೊತ್ತು, ಎರಡು ಪಟ್ಟು ಬಿಗಿಯುತ್ತದೆ. ಆಸ್ಪತ್ರೆಗೆ ಫೋನ್ ಮಾಡಿದೆವು. ಬೆಳಿಗ್ಗೆ ಏಳುವ ಮುನ್ನವೇ, ಊತ ಕಡಿಮೆ ಇರುವಾಗ ಮತ್ತೆ ಅಳೆಯಲು ಹೇಳಿದರು, ಒಂದು ಅಳತೆ ದೊಡ್ಡದನ್ನು ಕೊಟ್ಟರು. ಏರಿಸುವಾಗ ಒಳಗಿನ ಮೈಯನ್ನು ಹೊರಮಾಡಿ ಹಿಮ್ಮಡಿಯವರೆಗೆ ಕೂರಿಸಿ, ಆಮೇಲೆ ಅಂಗೈಯಿಂದ ಸವರುತ್ತಾ ಮೇಲಕ್ಕೆ ತರಬೇಕು. ಒಂದು ನೆರಿಗೆಯೂ ಉಳಿಯಬಾರದು, ಮೇಲಿನ ಅಂಚನ್ನು ಮಡಚಬಾರದು.

ಕಾಲುಚೀಲ ಹಾಕಿದ್ದೇವೆಂದು ಸುಮ್ಮನಿರುವಂತಿಲ್ಲ. ರಕ್ತ ತೆಳುವಾಗಿಸುವ ಔಷಧಿಯನ್ನು ವೈದ್ಯರು ಹೇಳಿದಷ್ಟು ದಿನವೂ ತಪ್ಪಿಸದೆ ತೆಗೆದುಕೊಳ್ಳಬೇಕು, ನನಗೆ 35 ದಿನ ಹೇಳಿದ್ದರು. ಎಚ್ಚರವಿರುವಾಗ ಗಂಟೆಗೊಮ್ಮೆ ಪಾದವನ್ನು ಮೇಲಕ್ಕೆ ಕೆಳಕ್ಕೆ ಆಡಿಸಬೇಕು. ಮೀನಖಂಡದಲ್ಲಿ ನೋವು, ಬಿಸಿ, ಹೊಸ ಊತ ಕಂಡರೆ, ಎದೆ ನೋವು ಬಂದರೆ, ಇಲ್ಲವೇ ಉಸಿರು ಕಟ್ಟಿದರೆ ನಾಳೆ ನೋಡೋಣ ಎನ್ನದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಗಾಯ ಕೆಂಪಾಗಿ ಸೋರಲು ಶುರುವಾದರೂ ಹಾಗೆಯೇ.

ಕಾಲುಗಳ ನಡುವೆ ಇಡುವ ತ್ರಿಕೋನದ ದಿಂಬು ಮಲಗಿದಾಗ ಕಾಲು ಕೂಡದಂತೆ ಚೆನ್ನಾಗಿ ತಡೆಯುತ್ತದೆ. ಅದರ ರೆಕ್ಸಿನ್ ಹೊದಿಕೆ ಮಾತ್ರ ಬೆವರು ಹರಿಸುತ್ತದೆ. ಹತ್ತಿ ಬಟ್ಟೆಯ ಗವಸು ಹಾಕಿದ ಮೇಲೆ ರಾತ್ರಿ ಸಹನೀಯವಾಯಿತು. ಐಸಿನ ಚೀಲ ಬೇಕೇಬೇಕು. ಬಟ್ಟೆ ಸುತ್ತಿ, ಗಾಯ ನೆನೆಯದಂತೆ, ಒಮ್ಮೆಗೆ 15ರಿಂದ 20 ನಿಮಿಷ.

ನನ್ನ ಟೇಪು ಕೈಕೊಟ್ಟ ಒಂದು ಸಂಗತಿಯನ್ನೂ ಹೇಳಿಬಿಡುತ್ತೇನೆ. ಮೂರನೆಯ ವಾರದಲ್ಲಿ ಎಡಗಾಲು ಬಲಗಾಲಿಗಿಂತ ಉದ್ದವಾಗಿದೆ ಅನಿಸತೊಡಗಿತು. ನಿಂತರೆ ಒಂದು ಕಡೆ ಎತ್ತಿದಂತೆ. ಯಜಮಾನರ ಕೈಗೆ ಟೇಪು ಕೊಟ್ಟು ಮಲಗಿಕೊಂಡೇ ಅಳೆಸಿದೆ, ಅರ್ಧ ಇಂಚು ವ್ಯತ್ಯಾಸ ಬಂತು. ಆ ರಾತ್ರಿ ನಿದ್ದೆ ಬರಲಿಲ್ಲ. ಬಲ ಚಪ್ಪಲಿಯೊಳಗೆ ಇಡಲು ಒಂದು ದಪ್ಪ ಪದರವನ್ನೂ ಕತ್ತರಿಸಿಟ್ಟೆ. ಮರುದಿನ ಫಿಸಿಯೋಥೆರಪಿಸ್ಟ್ ಸೊಂಟದ ಮೂಳೆಯ ಮುಂದಿನ ಉಬ್ಬಿನಿಂದ ಪಾದದ ಗಂಟಿನ ಒಳಬದಿಗೆ ಎರಡು ಸಲ ಅಳೆದರು. ಎರಡೂ ಕಾಲು ಹೆಚ್ಚುಕಡಿಮೆ ಸಮ. ವರ್ಷಗಟ್ಟಲೆ ಕುಂಟಿ ನಡೆದ ಸ್ನಾಯುಗಳು ಬಿಗಿದು ಸೊಂಟವನ್ನೇ ಓರೆ ಮಾಡಿವೆ, ಹಾಗಾಗಿ ಉದ್ದವಾದಂತೆ ಅನಿಸುತ್ತದೆ, ಸಮಯ ಕೊಡಿ, ಚಪ್ಪಲಿಗೆ ಈಗಲೇ ಏನೂ ಸೇರಿಸಬೇಡಿ ಎಂದರು. ಒಂಬತ್ತನೆಯ ವಾರಕ್ಕೆ ಆ ಅನಿಸಿಕೆ ತಾನಾಗಿಯೇ ಹೋಯಿತು. ಹಿಡಿಯಬೇಕಾದ ಜಾಗ ಗೊತ್ತಿಲ್ಲದ ಕೈಯಲ್ಲಿ ಟೇಪು ಇದ್ದರೆ ಹೀಗೆ.

ಆರನೆಯ ವಾರದ ತಪಾಸಣೆಯಲ್ಲಿ ಊರುಗೋಲಿಗೆ ಅನುಮತಿ ಸಿಕ್ಕಿತು. ಅದನ್ನು ಬಲಗೈಯಲ್ಲಿ, ಅಂದರೆ ಆಪರೇಷನ್ ಆಗದ ಕಡೆ ಹಿಡಿಯಬೇಕು. ಅದೇ ದಿನ ವೈದ್ಯರು ಕ್ಷಕಿರಣದ ಚಿತ್ರ ತೋರಿಸಿದರು. ಲೋಹದ ಬಟ್ಟಲಿನ ಒಳಗೆ ಪ್ಲಾಸ್ಟಿಕ್ ಪದರ, ಅದಕ್ಕೆ ಲೈನರ್ ಎನ್ನುತ್ತಾರೆ. ಕೋಟಿಗೆ ಲೈನಿಂಗ್ ಹಾಕುವ ನನಗೆ ಆ ಹೆಸರು ಬಹಳ ಹಿಡಿಸಿತು. ಇಂಗ್ಲೆಂಡಿನ ಜಾನ್ ಚಾರ್ನ್ಲೀ ಎಂಬ ಶಸ್ತ್ರವೈದ್ಯರು ಮೊದಲು ಬಟ್ಟಲಿಗೆ ಟೆಫ್ಲಾನ್ ಬಳಸಿದರಂತೆ. ಅದು ಕೆಲವೇ ವರ್ಷಗಳಲ್ಲಿ ಸವೆದು, ರೋಗಿಗಳಿಗೆ ಮತ್ತೆ ಆಪರೇಷನ್ ಮಾಡಬೇಕಾಯಿತು. 1962ರಲ್ಲಿ ಗಟ್ಟಿ ಪಾಲಿಥಿಲೀನ್‌ಗೆ ಬದಲಿಸಿ, ಅದರೊಳಗೆ ಸುಮಾರು 22 ಮಿಲಿಮೀಟರಿನ ಸಣ್ಣ ಲೋಹದ ಗುಂಡು ಕೂರಿಸಿದ ಮೇಲೆ ಈ ಕೀಲು ಬಾಳಿಕೆ ಬಂತು. ಗುಂಡು ಚಿಕ್ಕದಾದರೆ ಉಜ್ಜಾಟ ಕಡಿಮೆ. ತನ್ನ ಕೆಲಸ ಸವೆದದ್ದನ್ನು ಒಪ್ಪಿಕೊಂಡು ಮತ್ತೆ ಬೇರೆ ಬಟ್ಟೆ ಹುಡುಕಿದ ಆ ಮನುಷ್ಯನ ಮೇಲೆ ನನಗೆ ಗೌರವ ಹುಟ್ಟಿತು.

ಹೋದ ವಾರ ನನ್ನ ಹಳೆಯ ಗಿರಾಕಿಯೊಬ್ಬರು ಬಂದಿದ್ದರು. ಅವರ ತಾಯಿಗೂ ಮುಂದಿನ ತಿಂಗಳು ಇದೇ ಆಪರೇಷನ್. "ಅಕ್ಕಾ, ನಿಮ್ಮ ಸೀಟು, ವಾಕರ್ ಎಲ್ಲ ಸುಮ್ಮನೆ ಇದೆಯಲ್ಲ, ಕೊಡುತ್ತೀರಾ?" ಎಂದು ಕೇಳಿದರು. ಮರುದಿನ ಟೇಪು ಹಿಡಿದು ಅವರ ಮನೆಗೆ ನಾನೇ ನಡೆದು ಹೋದೆ, ಊರುಗೋಲು ಒಯ್ಯಲಿಲ್ಲ. ತಾಯಿಯನ್ನು ಮಂಚದ ಅಂಚಿನಲ್ಲಿ ಕೂರಿಸಿ ಅಳೆದೆ. ಮಂಡಿಯ ಹಿಂದಿನ ಮಡಿಕೆಯವರೆಗೆ ಹದಿನಾಲ್ಕೂವರೆ ಇಂಚು, ಅವರ ಕಮೋಡು 15. ನನ್ನ ಸೀಟು ಕೂರಿಸಿದರೆ ಆ ತಾಯಿಯ ಪಾದವೂ ಮೊದಲ ಸಂಜೆ ಗಾಳಿಯಲ್ಲೇ. ಸೀಟು ಕೊಡಲಿಲ್ಲ, 2 ಇಂಚಿನದನ್ನು ನೋಡಿ, ವೈದ್ಯರನ್ನೂ ಒಂದು ಮಾತು ಕೇಳಿ ಎಂದು ಚೀಟಿಯಲ್ಲಿ ಬರೆದುಕೊಟ್ಟೆ. ವಾಕರ್ ಕೊಟ್ಟೆ, ಮಣಿಕಟ್ಟಿನ ಗೆರೆ ನೋಡಿ ಮೂರು ತೂತು ಇಳಿಸಿ. ಅವರ ಬಚ್ಚಲಿನ ಬಾಗಿಲು 26 ಇಂಚು ಇದೆ.